ಗ್ರೂಪ್ ಫೋಟೋದ ನಡುವಿನ ಕುರ್ಚಿ

ಮೊನ್ನೆ ಸೋಮವಾರ ಮುಂಜಾನೆ ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಸವಣೂರು ವೀಳ್ಯದೆಲೆಯ ಪುಟ್ಟಿಗಳನ್ನು ಇಳಿಸುತ್ತಿದ್ದರು. ಒದ್ದೆ ಗೋಣಿತಟ್ಟಿನೊಳಗಿನ ಆ ಹಸಿರು ಖಾರದ ವಾಸನೆಗೆ ನಾನು ನಿಂತೇಬಿಟ್ಟೆ. ಎಲೆ ತಿನ್ನುವವನಲ್ಲ, ವಾಸನೆ ಬಂದ ವೇಳೆಯನ್ನು ದಿನಚರಿಯಲ್ಲಿ ಬರೆದುಕೊಂಡೆ, ಅಷ್ಟೇ. ನೀವು ನಗಬಹುದು. ನಮ್ಮವ್ವನೂ ನಗುತ್ತಾಳೆ. ಇಲ್ಲಿನ ಹೈಸ್ಕೂಲಿಗೆ ಹೊಸ ಮಾಸ್ತರನಾಗಿ ಬಂದ ನನಗೆ ಅಂದು ಒಂದು ಕೆಲಸವಿತ್ತು: ಕೊನೆಯ ವರ್ಗದವರಿಂದ ಬೀಳ್ಕೊಡುಗೆ ಫೀ ವಸೂಲಿ ಮಾಡಿ ಹಾಲ್ ಟಿಕೆಟ್ ಕೊಡುವುದು.

ನಾನು ಓದಿದ ಸವಣೂರು ಕಡೆಯ ಶಾಲೆಯಲ್ಲೂ ಅದಿತ್ತು. ತಲೆಗೆ ಐದು ರೂಪಾಯಿ. ಕಟ್ಟದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಬಿಟ್ಟುಹೋಗುವುದಕ್ಕೂ ದುಡ್ಡೇಕೆ ಎಂದು ನಾವ್ಯಾರೂ ಕೇಳಲಿಲ್ಲ. ನಾನಂತೂ ಮೊದಲ ದಿನವೇ ಕಟ್ಟಿ, ಪರೀಕ್ಷೆಯೇ ಪಾಸಾದವನಂತೆ ಬೀಗಿದ್ದೆ.

ನನ್ನ ಬೆಂಚಿನ ಫಕ್ಕೀರ ಕಟ್ಟಿರಲಿಲ್ಲ. ಅವನಪ್ಪ ಬಸಪ್ಪನದು ಎಲೆಬಳ್ಳಿಯ ತೋಟ. ಬಡವನಲ್ಲ, ಆದರೆ ಬದನೆಕಾಯಿಯನ್ನೂ ತಿರುವಿ ನೋಡದೆ ಕೊಳ್ಳುವವನಲ್ಲ. ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಎಲೆಯ ಪುಟ್ಟಿ ಹೊತ್ತು ಶಾಲೆಯ ಆಫೀಸಿಗೇ ಬಂದ. ಫಕ್ಕೀರ ಬಾಗಿಲ ಮರೆಯಲ್ಲಿ ಉಗುರು ಕಚ್ಚುತ್ತ ನಿಂತ, ಪಕ್ಕದಲ್ಲಿ ನಾನು.

"ಐದು ರೂಪಾಯಿ ಯಾತಕ್ಕರಿ?" ಎಂದ ಬಸಪ್ಪ.

"ಚಹಾ, ಚೂಡಾ, ಹಾರ, ಎಲಿ-ಅಡಿಕಿ, ಗ್ರೂಪ್ ಫೋಟೋ," ಎಂದರು ಕಾರಕೂನರು.

"ಎಲಿ ನಾನ ತಂದೇನಿ. ಹಾರಕ್ಕ ಚಂಡುಹೂವು ನಮ್ಮ ಬದುವಿನ್ಯಾಗ ಅದಾವ. ಅವನ್ನ ಕಳೀರಿ."

"ಹಂಗ ಕಳಿಯಾಕ ಬರೂದಿಲ್ರಿ."

"ಅಲ್ರಿ, ಇಷ್ಟು ವರ್ಷ ಹುಡುಗ್ರಿಗೆ ಕಳಿಯೂ ಲೆಕ್ಕಾ ಕಲಿಸೀರಿ, ನಿಮಗ ಬರೂದಿಲ್ಲ?"

ಕಾರಕೂನರು ಕನ್ನಡಕ ಒರೆಸತೊಡಗಿದರು. ಬಸಪ್ಪನೇ ಸೊಂಟದ ಚೀಲ ಬಿಚ್ಚಿದ. "ತಗೋರಿ, ಪೂರಾ ತಗೋರಿ. ಆದ್ರ ಫೋಟೋದಾಗ ಯಾರ್ಯಾರು ಇರ್ತಾರ?"

"ಹುಡುಗ್ರು, ಮಾಸ್ತರು."

"ರೊಕ್ಕಾ ಕೊಟ್ಟಾವ್ರು?"

ಒಳಗಿನಿಂದ ಹೆಡ್‌ಮಾಸ್ತರರು ನಗುತ್ತ ಹೊರಬಂದರು. "ಬರ್ರಿ ಬಸಪ್ಪನವರ, ನಿಮಗೂ ಒಂದು ಕುರ್ಚಿ ಹಾಕಸ್ತೇನಿ."

"ಕುರ್ಚಿ ಆಮ್ಯಾಲರಿ. ಮದ್ಲ ಹುಡುಗನ ಪರೀಕ್ಷಾ ಚೀಟಿ ಕೊಡ್ರಿ. ಮೂರು ದಿನಾ ಆತು, ಅಂವ ಸರಿಯಾಗಿ ಉಂಡಿಲ್ಲ."

ಬಾಗಿಲ ಮರೆಯಲ್ಲಿ ಫಕ್ಕೀರ ಸದ್ದಿಲ್ಲದೆ ಅತ್ತ. ಅದನ್ನು ನಾನು ದಿನಚರಿಯಲ್ಲಿ ಬರೆಯಲಿಲ್ಲ.

ಫೋಟೋದ ದಿನ ಬಸಪ್ಪ ಹೊಸ ರುಮಾಲು ಸುತ್ತಿ, ಮೊಣಕಾಲ ಮೇಲೆ ಕೈಯಿಟ್ಟು, ನಟ್ಟನಡುವೆ ಕುಳಿತ. ಯಾರೂ ನಗಬಾರದು, ಅಲುಗಬಾರದು ಎಂದ ಫೋಟೋದವನು.

"ಯಾಕ, ನಕ್ಕರ ಬ್ಯಾರೆ ರೊಕ್ಕಾನ?"

ಎಲ್ಲರೂ ನಕ್ಕೆವು, ಎಲ್ಲರೂ ಅಲುಗಿದೆವು. ಫೋಟೋದಲ್ಲಿ ನನಗೆ ಎರಡು ಮೂಗು ಬಂದಿವೆ. ಸ್ವಚ್ಛವಾಗಿ ಮೂಡಿದವನು ಶಾಲೆಯನ್ನೇ ಕಲಿಯದ ಬಸಪ್ಪನೊಬ್ಬ.

ಮೊನ್ನೆ ಸೋಮವಾರ ನಾನು ವರ್ಗಕ್ಕೆ ಹೋದವನೇ ಹಾಲ್ ಟಿಕೆಟ್‌ಗಳನ್ನೆಲ್ಲ ಹಂಚಿಬಿಟ್ಟೆ. ಫೀ ಅನುಕೂಲವಾದಾಗ ತನ್ನಿ ಎಂದೆ. ಸಂಜೆ ಇಲ್ಲಿನ ಹೆಡ್‌ಮಾಸ್ತರರು ಕರೆಸಿದರು.

"ಚೀಟಿ ಕೊಟ್ಟ ಮ್ಯಾಲ ಫೀ ಯಾರು ಕೊಡ್ತಾರ್ರಿ?"

"ಕೊಡೂವಷ್ಟು ಮಂದಿ ಕೊಡ್ತಾರ್ರಿ ಸರ್."

"ಕಡಿಮಿ ಬಿದ್ರ?"

"ಚಹಾ ಬಿಡೂಣ್ರಿ."

ಅವರು ಕೈಯಲ್ಲಿದ್ದ ಚಹಾದ ಕಪ್ಪನ್ನು ತುಸು ಬಿಗಿಯಾಗಿ ಹಿಡಿದುಕೊಂಡರು.