ಎರಡೂ ಕಡೆಯವರಿಂದ ಬೈಸಿಕೊಂಡ ಮೈಕಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ನಗರ ಪಾಲಿಕೆಯ ದೊಡ್ಡ ಸಭಾಂಗಣದಲ್ಲಿ ನರಪಿಳ್ಳೆಯೂ ಇಲ್ಲ. ಖಾಲಿ ಕುರ್ಚಿಯೊಂದರ ಮುಂದೆ ಬಾಗಿ ನಿಂತ ಹೆಂಗಸೊಬ್ಬರು ಮೈಕಿನಲ್ಲಿ ಕೇಳುತ್ತಿದ್ದಾರೆ: "ತಿಂಡಿ ಆಯ್ತಾ?" ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮೂಲೆಯ ಸ್ಪೀಕರಿನಲ್ಲಿ ತಮ್ಮ ದನಿ ನೆಟ್ಟಗೆ ಕೇಳಿಸಿತೋ, ಮುಂದಿನ ಕುರ್ಚಿಗೆ ನಡೆಯುತ್ತಾರೆ. "ಮೊಮ್ಮಗು ಹೇಗಿದೆ?" ಅದರ ಪಕ್ಕದ್ದಕ್ಕೆ, "ಯಾಕ್ರೀ, ಮುಖ ಸಪ್ಪಗಿದೆ?"

"ಹಲೋ ಹಲೋ ಅಂತ ಅರವತ್ತು ಮೈಕಿಗೂ ಹೇಳ್ತಾ ಹೋದ್ರೆ ತಲೆ ಕೆಡುತ್ತೆ," ಎಂದು ನಗುತ್ತಾರೆ. "ಆಮೇಲೆ ಇಡೀ ದಿನ ಈ ಕುರ್ಚಿಗಳಲ್ಲಿ ಬರೀ ಜಗಳ. ಬೆಳಿಗ್ಗೆ ಒಂದ್ಸಲನಾದ್ರೂ ಯೋಗಕ್ಷೇಮ ವಿಚಾರಿಸೋಣ ಅಂತ."

ಇವರನ್ನು ಎಲ್ಲರೂ ಕರೆಯುವುದು ಮೈಕಕ್ಕ ಎಂದೇ. ಸಭಾಂಗಣದ ಹಿಂಬದಿ, ಮೆಟ್ಟಿಲು ಹತ್ತಿ ಹೋದರೆ ಸಿಗುವ ಗಾಜಿನ ಪುಟ್ಟ ಕೋಣೆ ಇವರ ರಾಜ್ಯ. ಅಲ್ಲಿನ ಮೇಜಿನ ಮೇಲೆ ಸಾಲುಸಾಲು ಗುಂಡಿಗಳು, ಒಂದೊಂದು ಕುರ್ಚಿಗೆ ಒಂದೊಂದು. ಪ್ರಶ್ನೋತ್ತರದ ದಿನ ವಾರ್ಡುಗಳಿಂದ ಗೆದ್ದು ಬಂದ ಸದಸ್ಯರು ಎದ್ದು ನಿಂತು ಮೇಯರನ್ನು ಕೇಳುತ್ತಾರೆ: ಬಸ್ ಯಾಕೆ ನಿಂತಿತು, ಕಸ ಯಾಕೆ ಎತ್ತಿಲ್ಲ, ಮೇಲ್ಸೇತುವೆ ಅರ್ಧಕ್ಕೇ ಯಾಕೆ ನಿಂತಿದೆ. ಪ್ರತಿ ಸದಸ್ಯರಿಗೂ ಎರಡೇ ನಿಮಿಷ. ಸಭಾಧ್ಯಕ್ಷೆ ಗಂಟೆ ಬಾರಿಸಿದೊಡನೆ ಕೇಳುವವರ ಮೈಕನ್ನು ಮೈಕಕ್ಕ ಬಂದ್ ಮಾಡಬೇಕು. ಮಾತು ನಿಲ್ಲಿಸಿದ್ದು ಸಭಾಧ್ಯಕ್ಷೆ, ಆದರೆ ಸದಸ್ಯರು ಕಣ್ಣು ಕೆಂಪಗೆ ಮಾಡುವುದು ಗಾಜಿನ ಕೋಣೆಯ ಕಡೆಗೆ.

ಗಂಡ ಇದೇ ಕಟ್ಟಡದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಇವರಿಗೆ ಈ ಕೆಲಸ ಸಿಕ್ಕಿತು. ಕಾಯಂ ಅಲ್ಲ, ವರ್ಷಕ್ಕೊಮ್ಮೆ ನವೀಕರಣ. ಮನೆಯಲ್ಲಿ ಅತ್ತೆ, ನರ್ಸಿಂಗ್ ಓದುವ ಮಗಳು. ಮನೆಯಿರುವುದು ಊರಂಚಿನ ಗುಡ್ಡದ ಮೇಲೆ. ಅಲ್ಲಿಗೆ ನೀರಿನ ಪೈಪು ಇನ್ನೂ ಹತ್ತಿಲ್ಲ, ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡಬೇಕು. ಈ ಸಂಬಳ ನಿಂತರೆ ಮೂವರ ಗತಿ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹೋದ ತಿಂಗಳು ಆ ಸಂಬಳಕ್ಕೇ ಕುತ್ತು ಬಂದಿತ್ತು.

ಇಬ್ಬರು ಸದಸ್ಯರು ಪಕ್ಷ ಬದಲಿಸಿದ್ದರು. ಪಕ್ಷ ಬದಲಾದರೆ ಕುರ್ಚಿ ಬದಲಾಗುವುದು ಇಲ್ಲಿನ ಪದ್ಧತಿ. ಅವರಿಗೆ ಜಾಗ ಮಾಡಿಕೊಡುವ ಗಲಾಟೆಯಲ್ಲಿ ಮೇಯರ್ ಕೂಡ ಎಡಗಡೆಯಿಂದ ಬಲಗಡೆಗೆ ಹೋಗಿ ಕೂತರು. ಅವರು ಹೋಗಿ ಕೂತದ್ದು ಅಲ್ಲಿಯತನಕ ಗುಡ್ಡದ ವಾರ್ಡಿನ ಸದಸ್ಯೆ ಕೂರುತ್ತಿದ್ದ ಜಾಗದಲ್ಲಿ; ಸದಸ್ಯೆಗೆ ಬೇರೆ ಕುರ್ಚಿ ಸಿಕ್ಕಿತು. ಮೈಕಕ್ಕ ಗುಂಡಿಗಳ ಮೇಲಿನ ಚೀಟಿಗಳನ್ನೆಲ್ಲ ಕಿತ್ತು ಹೊಸದಾಗಿ ಅಂಟಿಸಿ, ಎರಡೆರಡು ಸಲ ನೋಡಿಕೊಂಡಿದ್ದರು.

ಅಂದು ಗುಡ್ಡದ ಸದಸ್ಯೆ ನೀರಿನ ಯೋಜನೆ ಹಿಡಿದು ಮೇಯರಿಗೆ ಬೆವರಿಳಿಸುತ್ತಿದ್ದರು. ಮೇಯರ್ ಉತ್ತರಕ್ಕೆ ಎದ್ದರೂ ಅವರು ಬಿಡಲಿಲ್ಲ. ಇಬ್ಬರ ಮೈಕೂ ತೆರೆದಿತ್ತು. "ಗುಡ್ಡಕ್ಕೆ ನೀರು ಬರೋದು..." ಎಂದು ಮೇಯರ್ ಶುರು ಮಾಡುವುದಕ್ಕೂ ಸದಸ್ಯೆಯ ಸಮಯ ಮುಗಿದ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಮೈಕಕ್ಕನ ಬೆರಳು ಸದಸ್ಯೆಯ ಹಳೆಯ ಗುಂಡಿಗೆ ಹೋಯಿತು. ಈಗ ಅದು ಮೇಯರದು!

"ಚೀಟಿ ಬದಲಾಗಿದ್ದು ತಲೆಗೆ ಗೊತ್ತಿತ್ತು. ಬೆರಳಿಗೆ ಗೊತ್ತಿರ್ಲಿಲ್ಲ," ಎನ್ನುತ್ತಾರೆ. "ಅವರ ಬಾಯಿ ಆಡ್ತಿದೆ, ದನಿ ಇಲ್ಲ. ಸರಿಯಾದ ಗುಂಡಿ ಹುಡುಕೋಷ್ಟ್ರಲ್ಲಿ ಕೆಳಗೆ ಎಲ್ಲರೂ ಎದ್ದು ನಿಂತಾಗಿತ್ತು."

ಗದ್ದಲ ತಾರಕಕ್ಕೇರಿ ಸಭೆ ಮುಂದಕ್ಕೆ ಹೋಯಿತು. ನೇರ ಪ್ರಸಾರ ನೋಡುತ್ತಿದ್ದ ಊರಿಗೆಲ್ಲ ಕೇಳಿಸಿದ್ದು ಆ ಅರ್ಧ ಮಾತು ಮಾತ್ರ. ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ಹಿಡಿದರು. "ಅಲ್ವೇ ತಾಯಿ, ಯಾವತ್ತೂ ಇಲ್ಲದ್ದು, ನೀರು ಯಾವಾಗ ಬರುತ್ತೆ ಅನ್ನೋ ಹೊತ್ತಿಗೇ ನಿನ್ನ ಕೈಗೆ ದೆವ್ವ ಹಿಡೀಬೇಕಿತ್ತಾ?"

ಮರುದಿನ ಸಭಾಧ್ಯಕ್ಷೆಯ ಕೈಗೆ ದೂರು ಹೋಯಿತು. ತೀರ್ಮಾನ ಆಗುವತನಕ ಗಾಜಿನ ಕೋಣೆಗೆ ಕಾಲಿಡಬೇಡಿ ಎಂದರು. ಮೈಕಕ್ಕನಿಗೆ ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಕೊರೆದದ್ದು, ಯಾರದೋ ಮಾತು ಕೇಳಿ ಮಾಡಿದಳು ಎಂಬ ಅಪವಾದ. "ಕೆಲಸ ಬರಲ್ಲ ಅನ್ನಿ, ಒಪ್ಕೋತೀನಿ. ಯಾರದೋ ಕಡೆಯವಳು ಅಂದ್ರೆ ಹೇಗೆ ತಡ್ಕೊಳ್ಳಲಿ?"

ವಾರದ ನಂತರ ವಿಚಾರಣೆಗೆ ಕರೆ ಬಂತು. ಸಭಾಧ್ಯಕ್ಷೆ ಕನ್ನಡಕ ಏರಿಸಿ ಓದತೊಡಗಿದರು. ಬಂದಿದ್ದು ಒಂದು ದೂರಲ್ಲ, ಎರಡು. ಮೇಯರ್ ಪಕ್ಷದವರದು: ಈಕೆ ಗುಡ್ಡದವಳು, ನೀರಿಲ್ಲದ ಸಿಟ್ಟಿಗೆ ಬೇಕೆಂದೇ ಮೇಯರ್ ಬಾಯಿ ಮುಚ್ಚಿಸಿದಳು. ವಿರೋಧ ಪಕ್ಷದವರದು: ಮೇಯರ್ ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ಮೈಕ್ ಬಂದ್ ಮಾಡಿ ಅವರನ್ನು ಪಾರು ಮಾಡಿದಳು.

ಸಭಾಧ್ಯಕ್ಷೆ ಎರಡನ್ನೂ ಮೇಜಿನ ಮೇಲಿಟ್ಟು ಎರಡೂ ಪಕ್ಷದ ಮುಖಂಡರನ್ನು ನೋಡಿದರು. "ಒಂದೇ ಗುಂಡಿ ಒತ್ತಿ ನಿಮ್ಮಿಬ್ಬರಿಗೂ ದ್ರೋಹ ಮಾಡೋಕೆ ಆಗುತ್ತೇನ್ರೀ? ಈಯಮ್ಮ ಯಾರ ಕಡೆಯವಳೂ ಅಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ." ಒಬ್ಬರು ಕೆಮ್ಮಿದರು. ಇನ್ನೊಬ್ಬರು ನಕ್ಕೇಬಿಟ್ಟರು. ಕುರ್ಚಿ ಬದಲಾದಾಗಲೆಲ್ಲ ಒಂದು ದಿನ ಬೆರಳು ಪಳಗಿಸಲು ಬಿಡುವು ಕೊಡಿ ಎಂದು ಆದೇಶವಾಯಿತು.

"ಹೋದ ಜೀವ ಬಂದಂಗಾಯ್ತು," ಎನ್ನುತ್ತಾರೆ ಮೈಕಕ್ಕ. "ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ. ಎರಡೂ ಕಡೆಯವರು ಬೈದಿದ್ದಕ್ಕೆ ಬಚಾವಾದೆ. ಒಬ್ಬರೇ ಬೈದಿದ್ರೆ ನನ್ನ ಕಥೆ ಮುಗೀತಿತ್ತು!" ಅಂದು ಅತ್ತೆ ತಾವೇ ಒಲೆ ಮುಂದೆ ನಿಂತು ಸೊಸೆಗೆ ಬಿಸಿಬಿಸಿ ಬಡಿಸಿದರಂತೆ.

ಮುಂದಿನ ಸಭೆಯಲ್ಲಿ ಮೇಯರ್ ಆ ಮಾತನ್ನು ಪೂರ್ತಿ ಮಾಡಬೇಕಾಯಿತು. ಬೇಸಿಗೆಗೆ ಮುಂಚೆ ಗುಡ್ಡಕ್ಕೆ ಪೈಪು ಬರುತ್ತದಂತೆ. ಗುಡ್ಡದ ಸದಸ್ಯೆಗೆ ಅಷ್ಟು ಸಾಲಲಿಲ್ಲ. ಯಾವ ತಿಂಗಳು, ಯಾವ ಬೀದಿಯಿಂದ ಶುರು ಎಂದು ಪಟ್ಟು ಹಿಡಿದರು. ಅಷ್ಟರಲ್ಲಿ ಗಂಟೆ ಬಿತ್ತು. ಮೈಕಕ್ಕ ಈ ಸಲ ಸರಿಯಾದ ಗುಂಡಿಯನ್ನೇ ಒತ್ತಿದರು, ತಮ್ಮ ವಾರ್ಡಿನ ಸದಸ್ಯೆಯ ಮಾತು ಅರ್ಧಕ್ಕೇ ನಿಂತಿತು.

ಸಂಜೆ ಟ್ಯಾಂಕರ್ ಸಾಲಿನಲ್ಲಿ ಪಕ್ಕದ ಮನೆಯಾಕೆ ಬಿಡಲಿಲ್ಲ. "ನಮ್ಮೋರಿಗೆ ಇನ್ನೊಂದು ನಿಮಿಷ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ಮೈಕಕ್ಕ ತುಂಬಿದ ಕೊಡ ಸೊಂಟಕ್ಕೇರಿಸಿಕೊಂಡು ಹೇಳಿದರು: "ಇವತ್ತು ನಮ್ಮೋರು ಅಂತ ಬಿಟ್ರೆ, ನಾಳೆ ಯಾರಾದ್ರೂ ಬಂದು ನಮ್ಮೋರ ಮೈಕ್ ಬೇಗ ಬಂದ್ ಮಾಡು ಅಂದಾಗ, ಆಗಲ್ಲ ಅನ್ನೋಕೆ ನನಗೆ ಬಾಯಿ ಇರಲ್ಲ ಕಣೇ."