ಸಾಹುಕಾರರು ಜಾಮೀನು ನಿಲ್ಲಲು ಬಂದ ಸಾಲ

1974ರಲ್ಲಿ ನಾನು ಹಿರಿಯೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಸಾಲ ಕೇಳಿದವರ ಕಸುಬನ್ನು ಸ್ಥಳಕ್ಕೇ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಹಿರೇಗುಂಟನೂರಿನ ಕಡೆ ಕುರಿ ವ್ಯಾಪಾರ ಮಾಡಿಕೊಂಡೇ ಓದಿದವನು ನಾನು. ಮಾರುವವನ ಮಾತಿಗಿಂತ, ವಯಸ್ಸು ತಿಳಿಸುವ ಕುರಿಯ ಹಲ್ಲನ್ನು ನಂಬುವ ಅಭ್ಯಾಸ ಬ್ಯಾಂಕಿಗೆ ಬಂದ ಮೇಲೂ ಬಿಟ್ಟಿರಲಿಲ್ಲ.

ಅಲ್ಪಸಂಖ್ಯಾತ ಸಮುದಾಯದ ಸಣ್ಣ ಗುತ್ತಿಗೆದಾರರಿಗೂ ಸಾಲ ಕೊಡಿ ಎಂದು ಆಗ ಮೇಲಿನಿಂದ ಒತ್ತಾಯವಿತ್ತು. ನಮ್ಮಲ್ಲಿಗೆ ಬಂದ ಮೊದಲ ಅರ್ಜಿ ಬಾಷಾ ಸಾಬರದು. ಬಹಳ ವರ್ಷ ಬೇರೆಯವರ ಕೈಕೆಳಗೆ ಕಲ್ಲುಕೆಲಸದ ಮೇಸ್ತ್ರಿಯಾಗಿದ್ದವರು, ಮೊದಲ ಸಲ ಸ್ವಂತ ಹೆಸರಿನಲ್ಲಿ ಟೆಂಡರ್ ಹಿಡಿದಿದ್ದರು. ಮಾರಿಕಣಿವೆಯ ನಾಲೆಯೊಂದಕ್ಕೆ ಪಿಚಿಂಗ್, ಅಂದರೆ ದಂಡೆಯ ಮಣ್ಣು ಕುಸಿಯದಂತೆ ಕಲ್ಲು ಹಾಸುವ ಕೆಲಸ. ಮೊದಲ ಬಿಲ್ಲು ಪಾಸಾಗುವವರೆಗೆ ಆಳುಗಳ ಕೂಲಿಗೆ ಸಾಲ ಬೇಕಿತ್ತು. ಸಿಗದಿದ್ದರೆ ಕೆಲಸ ಕೈಬಿಟ್ಟು ಮತ್ತೆ ಮೇಸ್ತ್ರಿಗಿರಿಯೇ ಗತಿ.

ಜಾಮೀನಿಗೆ ಒಪ್ಪಿದ್ದವರು ಊರಿನ ದೊಡ್ಡ ಕಂಟ್ರಾಕ್ಟರ್ ಸಾಹುಕಾರರು, ಬಾಷಾ ಸಾಬರ ಹಳೆಯ ಧಣಿ. ನಮ್ಮ ಮ್ಯಾನೇಜರ್ ಹಿಗ್ಗಿಹೋದರು.

"ಇಂಥ ಜಾಮೀನು ಸಿಕ್ಕ ಮೇಲೆ ಇನ್ನೇನ್ರೀ? ಬರೆದುಕೊಡಿ."

"ಅದೇ ಟೆಂಡರಿಗೆ ಅವರೂ ಹಾಕಿದ್ರು ಸಾರ್. ಸೋತವರು ಗೆದ್ದವನಿಗೆ ಜಾಮೀನು ಯಾಕೆ ನಿಲ್ತಾರೆ?"

ಹೆಸರು ಮಾತ್ರ ಬಾಷಾ ಸಾಬರದು, ಕೆಲಸ ಮತ್ತು ಲಾಭ ಸಾಹುಕಾರರದು ಎಂಬುದು ನನ್ನ ಗುಮಾನಿ.

ಮರುದಿನ ಹೇಳದೆ ಕೇಳದೆ ಕಲ್ಲಿನ ಕ್ವಾರಿಗೆ ಹೋದೆ. ನೋಡಿದರೆ ನಿಂತಿದ್ದುದು ಸಾಹುಕಾರರದೇ ಲಾರಿ. ಅರ್ಧ ಲೋಡು ತುಂಬಿತ್ತು. "ಬರ್ರಿ ಸಾಹೇಬ್ರೆ, ಕುಂತ್ಕಳ್ರಿ" ಎಂದು ಬಾಷಾ ಸಾಬರು ಚಪ್ಪಡಿಯೊಂದನ್ನು ಒರೆಸಿದರು.

ನಾನು ಸಾಲದ ಮಾತೇ ಎತ್ತಲಿಲ್ಲ. "ಮನೆ ಕಟ್ಟಿಸ್ತಿದೀನಿ. ಒಂದು ಲೋಡ್ ಕಲ್ಲು ಬೇಕು, ಏನು ದರ?" ಎಂದೆ. ಮನೆಯೂ ಇರಲಿಲ್ಲ, ಕಲ್ಲೂ ಬೇಕಿರಲಿಲ್ಲ. ತನ್ನದಲ್ಲದ ಮಾಲಿಗೆ ಯಾವನೂ ಮನಸ್ಸಿಟ್ಟು ಚೌಕಾಸಿ ಮಾಡುವುದಿಲ್ಲ ಎಂಬುದು ಸಂತೆಯಲ್ಲಿ ಕಲಿತ ಪಾಠ.

ಅವರ ಮುಖ ಕಪ್ಪಿಟ್ಟಿತು. ಲಂಚ ಕೇಳುತ್ತಿದ್ದಾನೆ ಎಂದುಕೊಂಡರೆಂದು ಕಾಣುತ್ತದೆ. ಅಷ್ಟರಲ್ಲಿ ಲಾರಿ ಡ್ರೈವರ್ ಬಾಯಿ ಹಾಕಿದ.

"ದರ ಏನ್ಬಂತು ಸಾರ್? ಸಂಜಿಗೆ ನಿಮ್ಮನಿ ತಾವ ಇಳಿಸ್ತೀನಿ. ನಿಮ್ಮಂಥೋರ ತಾವ ನಮ್ ಧಣೇರು ರೊಕ್ಕ ಕೇಳ್ತಾರಾ?"

ಬಾಷಾ ಸಾಬರು ಧಡಕ್ಕನೆ ಎದ್ದರು. "ಲೇ, ಸ್ಟೇರಿಂಗ್ ನಿಂದು, ಕಲ್ಲು ನಂದು! ಬಿಟ್ಟಿ ಹಂಚಾಕೆ ನೀನ್ಯಾವನಲೇ?" ಆಮೇಲೆ ನನ್ನ ಕಡೆ ತಿರುಗಿ, "ಸಾಲ ಕೊಡ್ರಿ, ಬಿಡ್ರಿ ಸಾಹೇಬ್ರೆ. ಇದನ್ನ ಒಡೆದೋರಿಗೆ ನಾನು ಕೂಲಿ ಕೊಡಬೇಕೈತೆ. ಪುಕ್ಕಟೆ ಆಗಾಕಿಲ್ಲ" ಎಂದರು.

ಆಮೇಲೆ ದರ ಹೇಳಿದರು. ನಾನು ಅದರ ಅರ್ಧಕ್ಕೆ ಕೇಳಿದೆ. ಅವರು ಇಳಿಯಲಿಲ್ಲ. ಮೇಲೆ ಸಾಗಾಣಿಕೆ ಖರ್ಚನ್ನೂ ನಾನೇ ಕೊಡಬೇಕು ಅಂದರು! ಆದರೂ, ಇಬ್ಬರೂ ಸೇರಿ ನಾಟಕ ಆಡುತ್ತಿರಬಹುದಲ್ಲ?

"ಹಂಗಾದ್ರೆ ಈ ಲಾರಿ ಯಾಕ್ರೀ ಇಲ್ಲಿ?"

"ಜಾಮೀನಿನ ಕರಾರು ಸಾಹೇಬ್ರೆ. ಅವರದೇ ಲಾರಿ, ಅವರು ಹೇಳಿದ್ದೇ ಬಾಡಿಗೆ. ಇಲಾಖೆ ಬಿಲ್ಲಿನ ರೊಕ್ಕ ಇಸ್ಕಳಾದೂ ಅವರೇ. ಬಾಡಿಗೆ ಮನ್ಯಾಗಿರೋ ಸಾಬಂಗೆ ಇನ್ಯಾರು ನಿಲ್ತಾರೆ?"

ಆಗ ತಿಳಿಯಿತು. ಟೆಂಡರಿನಲ್ಲಿ ಕಳೆದುಕೊಂಡದ್ದನ್ನು ಸಾಹುಕಾರರು ಜಾಮೀನಿನಲ್ಲಿ ವಾಪಸು ಪಡೆಯಲು ಹೊರಟಿದ್ದರು.

"ಆ ಜಾಮೀನಿಲ್ಲದೆ ದಾರಿ ಹುಡುಕ್ತೀನಿ. ಮೊದಲು ಲಾರಿ ಖಾಲಿ ಮಾಡಿಸಿ ಕಳಿಸ್ರಿ."

ಈಗ ಗುಮಾನಿ ಪಡುವ ಸರದಿ ಅವರದು. "ನೀವು ಕೈ ಕೊಟ್ರೆ?"

"ಮುಳುಗ್ತೀರಿ."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಆಳುಗಳತ್ತ ಕೂಗಿದರು: "ಇಳಿಸ್ರಲೇ ಅಷ್ಟೂನೂ! ಗಾಡಿ ಎತ್ತು ತರಾಣ."

ನಾಟಕವಾಡುವವನು ಅಷ್ಟು ದೂರ ಹೋಗುವುದಿಲ್ಲ. ನಾನು ವರದಿ ಬರೆದೆ: ಜಾಮೀನುದಾರ ಬೇಡ. ಇಲಾಖೆಯ ಬಿಲ್ಲು ನೇರವಾಗಿ ಬ್ಯಾಂಕಿಗೆ ಬರುವಂತೆ ಗುತ್ತಿಗೆದಾರನಿಂದ ಅಧಿಕಾರಪತ್ರ ಪಡೆಯೋಣ. ಹಾಸಿದ ಕಲ್ಲು ನೋಡಿ ಸಾಲದ ಹಣವನ್ನು ಕಂತುಕಂತಾಗಿ ಬಿಡೋಣ. ಮ್ಯಾನೇಜರ್ ಗೊಣಗಿದರು. "ಜಾಮೀನು ನಿಂತವರು ಉಲ್ಟಾ ಹೊಡೀಬಹುದು ಸಾರ್, ನಾಲೆ ಎಲ್ಲಿಗೂ ಓಡಿಹೋಗಲ್ಲ" ಎಂದೆ. ವಾರಗಟ್ಟಲೆ ಎಳೆದಾಡಿ ಸಹಿ ಹಾಕಿದರು. ಅಷ್ಟು ದಿನವೂ ಬಾಷಾ ಸಾಬರ ಆಳುಗಳು ಉದ್ರಿಯಲ್ಲೇ ಕಲ್ಲು ಒಡೆದರು.

ನಾಲೆಗೆ ನೀರು ಬಿಡುವ ಮೊದಲೇ ಪಿಚಿಂಗ್ ಮುಗಿಯಿತು. ಹೊಸದುರ್ಗ, ಹೊಳಲ್ಕೆರೆ ಕಡೆಯ ಇಂಥವರೇ ಕೆಲವರು ಅದೇ ದಾರಿಯಲ್ಲಿ ಸಾಲ ಪಡೆದರು. ಒಂದು ದಿನ ಸಾಹುಕಾರರು ಬ್ಯಾಂಕಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. "ಒಳ್ಳೆ ಮೇಸ್ತ್ರೀನ ಕೆಡಿಸಿಬಿಟ್ರಲ್ಲ ಸ್ವಾಮಿ!" ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಪ್ರಶಸ್ತಿ ಸಿಗಲಿಲ್ಲ.

ಸಾಲ ಕೊಡುವ ಕುರ್ಚಿಯಲ್ಲಿ ಕೂತವರಿಗೆ ಹೇಳುವುದಿಷ್ಟೆ. ಸಾಲ ಕೇಳುವವನನ್ನು ಅನುಮಾನಿಸಿ, ತಪ್ಪೇನಿಲ್ಲ. ಅವನಿಗೆ ಜಾಮೀನು ನಿಲ್ಲಲು ಓಡೋಡಿ ಬಂದವನನ್ನು ಅದರ ಎರಡರಷ್ಟು ಅನುಮಾನಿಸಿ.