ಟವೆಲ್ ಹಾಕಿದ ಜಾಗ

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಇಷ್ಟು ಉರಿಯುತ್ತಿರಲಿಲ್ಲ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಗಂಡನಿಗೆ ಅರಸೀಕೆರೆಯಲ್ಲಿ ಮೇಷ್ಟ್ರ ಕೆಲಸ. ನಾನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಬೆಂಗಳೂರಿನ ಒಂದು ಕಂಪನಿಗೆ ಪ್ರೋಗ್ರಾಂ ಬರೆಯುತ್ತಿದ್ದೆ; ಸೋಮವಾರ ಮಾತ್ರ ರೈಲು ಹತ್ತಿ ಆಫೀಸಿಗೆ ಹೋಗುತ್ತಿದ್ದೆ. ಬ್ಯಾಂಕುಗಳು ಇಟ್ಟುಕೊಳ್ಳುವ, ಬೀರುವಿನಷ್ಟು ದೊಡ್ಡ ಮೇನ್‌ಫ್ರೇಮ್ ಯಂತ್ರಗಳಿಗೆ ನಾವು ಕರ್ನಲ್ ಬರೆಯುತ್ತಿದ್ದೆವು. ಯಂತ್ರದ ಒಳಗಿನ ಎಲ್ಲ ಕೆಲಸಕ್ಕೂ ಯಜಮಾನಿಕೆ ಮಾಡುವ ಪ್ರೋಗ್ರಾಂ ಅದು. ಕರ್ನಲ್ ಅಂದರೇನು ಎಂದು ಅತ್ತೆ ಕೇಳಿದಾಗ ತಿರುಳು ಎಂದೆ.

"ಹಂಗಂದ್ರೆ ನಿಂದೂ ಕೊಬ್ಬರಿ ವ್ಯಾಪಾರಾನೇ ಅನ್ನು," ಎಂದು ನಕ್ಕರು.

ಆ ಯಂತ್ರವನ್ನು ನಿಲ್ಲಿಸುವಂತಿಲ್ಲ. ಒಂದೇ ಯಂತ್ರದೊಳಗೆ ಹಲವು ವ್ಯವಸ್ಥೆಗಳು ಬೇರೆ ಬೇರೆಯಾಗಿ ಓಡುತ್ತಿರುತ್ತವೆ. ಒಂದಕ್ಕೆ ಮೆಮೊರಿ ಸಾಲದಿದ್ದರೆ ಓಡುತ್ತಿರುವಾಗಲೇ ಜೋಡಿಸಬೇಕು. ಇನ್ನೊಂದರಲ್ಲಿ ಹೆಚ್ಚಿದ್ದರೆ ಓಡುತ್ತಿರುವಾಗಲೇ ಬಿಡಿಸಿಕೊಳ್ಳಬೇಕು. ಜೋಡಿಸುವುದು ಸುಲಭ, ಅದನ್ನು ಬೇರೆಯವರು ಮುಗಿಸಿದ್ದರು. ಬಿಡಿಸುವುದು ನನ್ನ ಪಾಲಿಗೆ ಬಂತು. ಮೆಮೊರಿಯ ಒಂದು ಭಾಗವನ್ನು ಬಿಡಿಸಬೇಕಾದರೆ ಅದರಲ್ಲಿರುವುದನ್ನೆಲ್ಲ ಬೇರೆಡೆ ಸಾಗಿಸಿ ಖಾಲಿ ಮಾಡಬೇಕು. ಒಂದೇ ಒಂದು ಚೂರು ಏಳುವುದಿಲ್ಲ ಎಂದು ಕೂತರೂ ಇಡೀ ಭಾಗ ಕೈಗೆ ಸಿಗುವುದಿಲ್ಲ. ವರ್ಷಕ್ಕೂ ಮೇಲೆ ಅದರ ಹಿಂದೆ ಬಿದ್ದಿದ್ದೆ. ಹೊಸ ಆವೃತ್ತಿಯಲ್ಲಿ ಅದು ಸೇರಿದರೆ ನಾನು ಅರಸೀಕೆರೆಯಲ್ಲೇ ಕೂತು ಕೆಲಸ ಮಾಡಬಹುದು, ಇಲ್ಲದಿದ್ದರೆ ಬೆಂಗಳೂರಿಗೆ ಬರಬೇಕು ಅಥವಾ ಕೆಲಸ ಬಿಡಬೇಕು ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು.

ನನ್ನ ಪ್ರೋಗ್ರಾಂ ಸರಿಯಾಗಿಯೇ ಇತ್ತು. ಆದರೂ ಪ್ರತಿ ಭಾಗದಲ್ಲೂ ಒಂದು ಚೂರು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಹುಡುಕಿದರೆ, ತಂಡದ ಹಿರಿಯರೊಬ್ಬರು ಬರೆದ ಪ್ರೋಗ್ರಾಂ ಯಂತ್ರ ಶುರುವಾದ ಕೂಡಲೇ ಅಲ್ಲಲ್ಲಿ ಒಂದಿಷ್ಟು ಜಾಗ ಹಿಡಿದಿಡುತ್ತಿತ್ತು. ಅಲ್ಲಿ ಏನನ್ನೂ ಇಡುತ್ತಿರಲಿಲ್ಲ, ಬರೀ ಹಿಡಿದಿಡುತ್ತಿತ್ತು. ಫೋನ್ ಮಾಡಿ ಕೇಳಿದೆ.

"ಮುಂದೆ ಬೇಕಾಗ್ಬಹುದು ಕಣಮ್ಮ, ಇರ್ಲಿ ಬಿಡು," ಎಂದರು.

ಸೋಮವಾರದ ಮೀಟಿಂಗಿನಲ್ಲಿ ಕೇಳೇಬಿಡುತ್ತೇನೆ ಎಂದುಕೊಂಡೆ.

ಹಿಂದಿನ ದಿನ ಭಾನುವಾರ, ಅತ್ತೆಯ ಜೊತೆ ಹಳೇಬೀಡಿಗೆ, ಅವರ ತಂಗಿಯ ಮನೆಗೆ ಹೊರಟೆ. ಅತ್ತೆಗೆ ವಿಪರೀತ ಮಂಡಿ ನೋವು. ಅರಸೀಕೆರೆಯಲ್ಲಿ ಬಸ್ಸು ಹತ್ತಿದರೆ ಜನ ನಿಂತಿದ್ದಾರೆ, ಆದರೆ ಒಂದು ಸೀಟು ಖಾಲಿ. ಅದರ ಮೇಲೆ ಟವೆಲ್. ಹಸಿಹಸಿ, ಬೆವರಿಗೆ ಹರಳೆಣ್ಣೆ ಸೇರಿದ ನಾತ, ಅಂಚಿನಲ್ಲಿ ಎಲೆಅಡಿಕೆ ಬಾಯಿ ಒರೆಸಿದ ಕೆಂಪು. ಬಸ್ಸು ಊರು ದಾಟಿದರೂ ಯಾರೂ ಬರಲಿಲ್ಲ. ಹೇಸಿಕೊಂಡೇ ಅದನ್ನು ಎರಡು ಬೆರಳಲ್ಲಿ ಎತ್ತಿ ಅತ್ತೆಯನ್ನು ಕೂರಿಸಿದೆ.

ಮುಂದೆ ಡ್ರೈವರ್ ಪಕ್ಕ ಬಾನೆಟ್ ಮೇಲೆ ಕೂತು ಹರಟುತ್ತಿದ್ದವನೊಬ್ಬ ತಿರುಗಿದ. "ಏನಮ್ಮಾ, ಟವಲ್ ಹಾಕಿರೋದು ಕಾಣಾಕಿಲ್ವಾ?"

"ನೀವು ಅಲ್ಲಿ ಕೂತಿದ್ದೀರಲ್ಲ!"

"ಆಮೇಲೆ ಬತ್ತೀನಿ. ಜಾಗ ನಂದೇಯ."

ನಾನು ಮತ್ತೆ ಬಾಯಿ ತೆಗೆದಿರಲಿಲ್ಲ, ನಿಂತಿದ್ದವರೇ ಶುರು ಮಾಡಿದರು. "ಅವರು ಮೊದ್ಲೇ ಹಾಕವ್ರಲ್ಲಮ್ಮ." ಕೂತವರು ಹೇಳಿದ್ದರೆ ಸಹಿಸುತ್ತಿದ್ದೆ. ಕಾಲು ಸೋತು ಕಂಬಿಗೆ ಜೋತುಬಿದ್ದವರೇ ಟವೆಲ್ಲಿನ ಪರ! ಅಷ್ಟರಲ್ಲಿ ಅತ್ತೆ ಎದ್ದರು. ನನ್ನ ಕೈಯಿಂದ ಟವೆಲ್ ಇಸಿದುಕೊಂಡು, ನೀಟಾಗಿ ಮಡಿಸಿ, ಸೀಟಿನ ಮೇಲೆ ಇಟ್ಟರು.

"ಬಿಡೇ, ಪಾಪ, ಅವರು ಮೊದ್ಲೇ ಹಾಕಿದ್ರಂತೆ."

ಅತ್ತೆ ಹಳೇಬೀಡಿನವರೆಗೂ ಮಂಡಿ ಹಿಡಿದುಕೊಂಡು ನಿಂತರು. ಆ ಮನುಷ್ಯ ಬಾನೆಟ್ ಬಿಟ್ಟು ಏಳಲೇ ಇಲ್ಲ. ಹಳೇಬೀಡು ಬಂದಾಗ ಹಿಂದಕ್ಕೆ ಬಂದು, ಟವೆಲ್ ತೆಗೆದು ಮುಖ ಒರೆಸಿಕೊಂಡು ಇಳಿದುಹೋದ.

ಮರುದಿನ ಮೀಟಿಂಗಿನಲ್ಲಿ ಎಲ್ಲ ವಿವರಿಸಿದೆ. ಆ ಜಾಗಗಳಲ್ಲಿ ಏನೂ ಇಲ್ಲ ಎಂದು ಪರದೆಯ ಮೇಲೆ ತೋರಿಸಿದೆ. ಹಿರಿಯರು ಕಾಫಿ ಹೀರುತ್ತಾ ಕೂತಿದ್ದರು.

"ಸರಿ, ಆದ್ರೆ ಅವ್ರು ಮೊದ್ಲೇ ಇಟ್ಕೊಂಡಿದ್ದಾರಲ್ಲಾ," ಎಂದರು ಮ್ಯಾನೇಜರ್. ಮೆಮೊರಿ ಸಾಲದೆಂದು ದಿನಾ ಗೋಳಾಡುತ್ತಿದ್ದವರೆಲ್ಲ ತಲೆಯಾಡಿಸಿದರು. ಅವರ ಮುಖ ನೋಡಲೂ ಅಸಹ್ಯವಾಯಿತು. ಹೊಸ ಆವೃತ್ತಿಯಲ್ಲಿ ಜೋಡಿಸುವುದಷ್ಟೇ ಹೊರಬಂತು. ನಾನು ಬೆಂಗಳೂರಿಗೆ ಹೋಗಲಿಲ್ಲ, ಕೆಲಸ ಬಿಟ್ಟೆ.

ಬಹಳ ದಿನಗಳ ಮೇಲೆ ಜೊತೆಗೆ ಕೆಲಸ ಮಾಡಿದ್ದ ಗೆಳತಿಯೊಬ್ಬಳು ಫೋನ್ ಮಾಡಿದಳು. ಆ ಹಿರಿಯರು ಯಾವಾಗಲೋ ಬೇರೆ ಕಂಪನಿಗೆ ಹೋದರಂತೆ.

"ಹಾಗಾದ್ರೆ ಅವರು ಹಿಡಿದಿಟ್ಟ ಜಾಗ ತೆಗೆದ್ರಾ?" ಎಂದೆ.

"ಇಲ್ಲ ಕಣೇ. ಯಾಕಿಟ್ಟಿದ್ರೋ ಏನೋ ಅಂತ ಯಾರೂ ಮುಟ್ಟಲ್ಲ."

ಛೀ ಎಂದು ಫೋನಿಟ್ಟೆ. ಹಜಾರದಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅತ್ತೆ, ಏನಂತೆ ಎಂದು ಕೇಳಿದರು.

"ಹೋದವರ ಟವೆಲ್ ಇನ್ನೂ ಸೀಟಿನ ಮೇಲೇ ಇದೆಯಂತೆ," ಎಂದೆ.

"ಅಯ್ಯೋ ಪಾಪ," ಎಂದರು ಅತ್ತೆ. "ಯಾರೂ ಮುಟ್ಟಬ್ಯಾಡಿ ಅನ್ನು. ಬಂದ್ರೂ ಬಂದಾರು."